ಖಾರದ ಬೆಣ್ಣೆ ಮಾಡಿಟ್ಟ ಲೆಕ್ಕ: ಅರ್ಧ ಕೆಲಸ ನೀರು ತೆಗೆಯೋದೇ

ಮನೆಯಲ್ಲಿ ತೆಗೆದ ಬೆಣ್ಣೆಗೆ ಉಪ್ಪು, ಖಾರ, ಸೊಪ್ಪು ಸೇರಿಸಿ, ದೋಸೆಗೋ ಪಾವಿಗೋ ಸವರಿಕೊಳ್ಳುವ ಹಾಗೆ ಮಾಡಿಡುವ ಕೆಲಸ ಇದು. ಪೇಟೆಯಲ್ಲಿ ಬೆಳ್ಳುಳ್ಳಿ ಬೆಣ್ಣೆ ಅಂತ ಸಣ್ಣ ಡಬ್ಬಿಯಲ್ಲಿ ಸಿಗುತ್ತದಲ್ಲ, ಅದೇ ಜಾತಿ. ಶಿರಸಿಯಲ್ಲಿ ಇರುವವರಿಗೆ ಅದನ್ನು ದುಡ್ಡು ಕೊಟ್ಟು ತರುವ ಅಗತ್ಯವೇ ಇಲ್ಲ. ತೋಟದಲ್ಲಿ ಕಾಳುಮೆಣಸಿದೆ. ಹಿತ್ತಲಲ್ಲಿ ಸೂಜಿಮೆಣಸು, ದೊಡ್ಡಪತ್ರೆ ಇದೆ. ಅಟ್ಟದ ಮೇಲೆ ಒಣಗಿಸಿದ ವಾಟೆಹುಳಿ ಇದೆ. ಘಟ್ಟ ಇಳಿದರೆ ಸಾಣಿಕಟ್ಟಾದ ಉಪ್ಪಿದೆ. ಬೆಣ್ಣೆ ಅಂತೂ ಇದ್ದೇ ಇದೆ.

ಹಾಗಂತ ಎಲ್ಲ ತಂದು ಸುರಿದು ಕಲಸಿದರೆ ಆಗಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಡಬ್ಬಿಯ ಅಡಿಯಲ್ಲಿ ನೀರು ನಿಂತಿರುತ್ತದೆ, ಮೇಲೆ ಒಂಥರಾ ಕಮಟು ವಾಸನೆ. ರುಚಿ ಕಟ್ಟುವುದು ಇದರಲ್ಲಿ ಸುಲಭದ ಭಾಗ. ಯಾವುದನ್ನು ಹಾಕಿದರೂ ಬೆಣ್ಣೆ ಬೇಡ ಅನ್ನಲ್ಲ, ಕಾಳುಮೆಣಸಿನ ಘಮ, ಮೆಣಸಿನ ಖಾರ, ಸೊಪ್ಪಿನ ಪರಿಮಳ ಎಲ್ಲ ಕೊಬ್ಬಿನಲ್ಲಿ ಕರಗುವ ವಸ್ತುಗಳೇ. ತಂಟೆ ಇರುವುದು ನೀರಿನದು. ಬೆಣ್ಣೆಯೊಳಗೆ ಮೊದಲೇ ಇರುವ ನೀರು, ಸೊಪ್ಪಿನಿಂದ ಬರುವ ನೀರು, ಉಪ್ಪು ಎಳೆದು ಹೊರಗೆ ಹಾಕುವ ನೀರು. ಇವುಗಳನ್ನು ಹಿಡಿತಕ್ಕೆ ತಂದರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ. ಹಾಗಾಗಿ ಈ ಬರಹದಲ್ಲಿ ಮಸಾಲೆಗಿಂತ ನೀರಿನ ಮಾತೇ ಜಾಸ್ತಿ ಬರುತ್ತದೆ.

ಕೆನೆ

ನಮ್ಮ ಮನೆಯ ದನ ಮಲೆನಾಡು ಗಿಡ್ಡ ತಳಿಯದು. ಹೊತ್ತಿಗೆ ಒಂದೆರಡು ಲೀಟರ್ ಕೊಟ್ಟರೆ ಅದೇ ದೊಡ್ಡದು. ಕಾಫಿಗೆ, ಮೊಸರಿಗೆ ಹೋಗಿ ಉಳಿದದ್ದರಲ್ಲಿ ಕೆನೆ ತೆಗೆಯಬೇಕು. ಸಾಲದಿದ್ದಾಗ ಪ್ಯಾಕೆಟ್ ಹಾಲೂ ಸೇರುತ್ತದೆ. ಪ್ಯಾಕೆಟ್ ತರುವವರು ಒಂದು ನೋಡಿಕೊಳ್ಳಿ: ಹೋಮೊಜಿನೈಸ್ಡ್ ಅಂತ ಬರೆದಿದ್ದರೆ ಅದರಲ್ಲಿ ಕೆನೆ ಕಟ್ಟಲ್ಲ. ಹಾಲಿನ ಕೊಬ್ಬಿನ ಕಣಗಳನ್ನು ಒತ್ತಡ ಹಾಕಿ ಒಡೆದು ಸಣ್ಣದು ಮಾಡಿರುತ್ತಾರೆ, ಅವು ಮೇಲಕ್ಕೆ ಬರುವುದೇ ಇಲ್ಲ. ನಂದಿನಿಯ ಶುಭಂನಲ್ಲಿ ಕೊಬ್ಬು 4.5 ಪ್ರತಿಶತ, ಸಮೃದ್ಧಿಯಲ್ಲಿ 6 ಪ್ರತಿಶತ. 6 ಪ್ರತಿಶತ ಅಂದರೆ ಲೀಟರಿಗೆ 60 ಗ್ರಾಂ ಕೊಬ್ಬು. ಬೆಣ್ಣೆಯಲ್ಲಿ ಕೊಬ್ಬು 80 ಪ್ರತಿಶತ ಇರಬೇಕು, ಹಾಗಾಗಿ ಲೆಕ್ಕದ ಪ್ರಕಾರ 75 ಗ್ರಾಂ ಬೆಣ್ಣೆ ಬರಬೇಕು. ಬರಲ್ಲ. ಕಾಯಿಸಿ, ತಣಿಸಿ, ಸೌಟಿನಲ್ಲಿ ಕೆನೆ ಎತ್ತುವ ನಮ್ಮ ರೀತಿಯಲ್ಲಿ ಕೊಬ್ಬಿನ ದೊಡ್ಡ ಪಾಲು ಹಾಲಲ್ಲೇ ಉಳಿದು ಹೋಗುತ್ತದೆ. ಕಾಫಿ ರುಚಿಯಾಗಿರುವುದು ಅದಕ್ಕೇ, ಬೇಜಾರು ಬೇಡ.

ಕಾಯಿಸಿದ ಹಾಲನ್ನು ಪೂರ್ತಿ ತಣಿಸಿ ಫ್ರಿಜ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಕೆನೆ ದಪ್ಪ ಹಾಳೆಯಾಗಿ ಏಳುತ್ತದೆ. ಅದನ್ನು ಸ್ಟೀಲ್ ಡಬ್ಬಿಗೆ ಹಾಕುತ್ತಾ ಹೋಗುವುದು. ಮೊದಲ ದಿನವೇ ಡಬ್ಬಿಗೆ ಒಂದು ಚಮಚ ಮೊಸರು ಹಾಕಿಡುತ್ತೇನೆ. ಒಂದು ವಾರಕ್ಕಿಂತ ಹಳೆಯ ಕೆನೆ ಕಹಿ ಬರುತ್ತದೆ. ತುಪ್ಪಕ್ಕಾದರೆ ಆ ಕಹಿ ಕಾಯಿಸುವಾಗ ಅಷ್ಟಿಷ್ಟು ಹೋಗುತ್ತದೆ, ಹಸಿ ಬೆಣ್ಣೆಯಲ್ಲಿ ನಾಲಿಗೆಗೆ ನೇರ ಸಿಗುತ್ತದೆ. ಕಡೆಯುವ ಹಿಂದಿನ ರಾತ್ರಿ ಡಬ್ಬಿ ಹೊರಗಿಟ್ಟು ಪೂರ್ತಿ ಹೆಪ್ಪಾಗಲು ಬಿಡಬೇಕು. ಪುಷ್ಯದ ಚಳಿಯಲ್ಲಿ ಶಿರಸಿಯಲ್ಲಿ ಹೆಪ್ಪು ಹಿಡಿಯುವುದು ನಿಧಾನ. ಬಚ್ಚಲ ಹಂಡೆ ಒಲೆಯ ಪಕ್ಕ ಇಟ್ಟರೆ ಬೆಳಿಗ್ಗೆಗೆ ಸರಿಯಾಗಿರುತ್ತದೆ.

ಹೆಪ್ಪು ಯಾಕೆ, ಸೀದಾ ಕೆನೆಯನ್ನೇ ಕಡೆದರಾಗಲ್ವಾ ಅಂದರೆ, ಆಗುತ್ತದೆ. ಆದರೆ ಬೆಣ್ಣೆಗೆ ಬೆಣ್ಣೆಯ ವಾಸನೆ ಬರುವುದು ಹೆಪ್ಪಿನಿಂದ. ಮೊಸರಿನ ಬ್ಯಾಕ್ಟೀರಿಯಾಗಳು ಡೈಅಸಿಟೈಲ್ ಅನ್ನುವ ಒಂದು ವಸ್ತು ಹುಟ್ಟಿಸುತ್ತವೆ, ಮೂಗಿಗೆ ಬಡಿಯುವ ಆ ಘಮ ಅದರದು. ಖಾರದ ಬೆಣ್ಣೆಗೆ ಈ ಹುಳಿ ಘಮ ಚೆನ್ನಾಗಿ ಕೂಡುತ್ತದೆ. ಸಪ್ಪೆ ಕೆನೆಯ ಬೆಣ್ಣೆಗೆ ಕಾಳುಮೆಣಸು ಹಾಕಿದರೆ ಮೆಣಸು ಒಂದೇ ಕೂಗುತ್ತದೆ.

ಕಡೆಯೋದು

ಇಲ್ಲಿ ಬಿಸಿಯೇ ಮುಖ್ಯ. ಕೆನೆಮೊಸರು 12ರಿಂದ 15 ಡಿಗ್ರಿ ಹತ್ತಿರ ಇದ್ದರೆ ಬೆಣ್ಣೆ ಗಟ್ಟಿಯಾಗಿ, ಕಾಳುಕಾಳಾಗಿ ಬರುತ್ತದೆ. 20 ದಾಟಿದರೆ ಬೇಗ ಬರುತ್ತದೆ ನಿಜ, ಆದರೆ ಜಿಡ್ಡು ಮುದ್ದೆಯಾಗಿ ಬಂದು ಮಜ್ಜಿಗೆಯನ್ನೆಲ್ಲ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ತೊಳೆದರೂ ಆ ಮಜ್ಜಿಗೆ ಹೊರಗೆ ಬರಲ್ಲ. ನೀರಿನ ಕಿತಾಪತಿ ಶುರುವಾಗುವುದೇ ಇಲ್ಲಿಂದ. ಅಡುಗೆಮನೆಗೆ ಒಂದು ಥರ್ಮಾಮೀಟರ್ ತಂದಿಟ್ಟುಕೊಂಡೆ. ಆಯಿ (ಅಮ್ಮ) ಅದನ್ನು ನೋಡಿ, "ಬೆಣ್ಣೆಗೆ ಜ್ವರ ಬಂಜನ?" ಅಂತ ಕೇಳಿದರು. ಅವರಿಗೆ ಬೆರಳು ಅದ್ದಿದರೆ ಸಾಕು, ಗೊತ್ತಾಗುತ್ತದೆ. ನನಗೆ ಸಾಲದು.

ಕಡಗೋಲಿನಲ್ಲಿ ಕಡೆದರೆ ಒಳ್ಳೆಯದು, ಮಿಕ್ಸಿಯಲ್ಲೂ ಆಗುತ್ತದೆ. ಮಿಕ್ಸಿಯ ತೊಂದರೆ ಅಂದರೆ ಬ್ಲೇಡು ತಿರುಗುತ್ತಾ ತಾನೇ ಬಿಸಿ ಹುಟ್ಟಿಸುತ್ತದೆ. ಹಾಗಾಗಿ ಜಾರನ್ನೂ ಫ್ರಿಜ್‌ನಲ್ಲಿ ತಣ್ಣಗೆ ಮಾಡಿಕೊಂಡು, ಸಣ್ಣ ಸ್ಪೀಡಿನಲ್ಲಿ, ನಿಲ್ಲಿಸಿ ನಿಲ್ಲಿಸಿ ಓಡಿಸಬೇಕು. ನಾನು ಕಡಗೋಲನ್ನೇ ಬಳಸಿದೆ, ಯಾಕೆಂದರೆ ಸದ್ದು ಕೇಳುತ್ತದೆ. ಮೊದಲಿಗೆ ಮಂದವಾದ ಗುಳುಗುಳು. ಆಮೇಲೆ ಕೆನೆ ದಪ್ಪವಾಗಿ ಕೈಗೆ ಭಾರ ಸಿಗುತ್ತದೆ, ಸದ್ದು ಹೆಚ್ಚುಕಡಿಮೆ ಸತ್ತೇ ಹೋಗುತ್ತದೆ. ಈ ಹಂತದಲ್ಲಿ ಬೇಸರ ಬಂದು ಬಿಟ್ಟುಬಿಡುವವರೇ ಬಹಳ. ಒಂದೆರಡು ನಿಮಿಷ ತಡೆದು ಮುಂದುವರಿಸಿದರೆ ಇದ್ದಕ್ಕಿದ್ದ ಹಾಗೆ ಕೈ ಹಗುರಾಗುತ್ತದೆ, ತಳ್ ತಳ್ ಅಂತ ತೆಳು ನೀರಿನ ಸದ್ದು ಬರುತ್ತದೆ, ಕಡಗೋಲಿನ ಹಲ್ಲುಗಳ ನಡುವೆ ಹಳದಿ ಕಾಳು ಕಾಣುತ್ತದೆ. ಬೆಣ್ಣೆ ಬಂತು.

ಇಲ್ಲಿ ನಿಲ್ಲಿಸಬೇಕು. ದೊಡ್ಡ ಮುದ್ದೆ ಆಗುವವರೆಗೆ ಕಡೆಯುವುದು ರೂಢಿ, ತುಪ್ಪಕ್ಕೆ ಅದು ಪರವಾಗಿಲ್ಲ. ನಮ್ಮ ಕೆಲಸಕ್ಕೆ ಕಾಳುಗಳು ಅಕ್ಕಿನುಚ್ಚಿನಷ್ಟು ಇರುವಾಗಲೇ ಕೈ ತೆಗೆಯಬೇಕು. ಸಣ್ಣ ಕಾಳಿನ ಮೈಯಿಂದ ಮಜ್ಜಿಗೆ ಸುಲಭವಾಗಿ ತೊಳೆದು ಹೋಗುತ್ತದೆ. ಮುದ್ದೆಯಾದ ಮೇಲೆ ಹೊರಗಿನದು ಮಾತ್ರ ಹೋಗುತ್ತದೆ, ಒಳಗಿನದು ಒಳಗೇ.

ಮಜ್ಜಿಗೆ ಬಸಿದು, ಫ್ರಿಜ್‌ನ ತಣ್ಣೀರು ಹಾಕಿ, ಅಲ್ಲಾಡಿಸಿ, ಮತ್ತೆ ಬಸಿಯುವುದು. ನೀರು ತಿಳಿಯಾಗುವವರೆಗೆ. ಉಳಿದ ಮಜ್ಜಿಗೆಯಲ್ಲಿ ಹಾಲಿನ ಸಕ್ಕರೆ ಮತ್ತು ಪ್ರೋಟೀನ್ ಇರುತ್ತದೆ, ಬೆಣ್ಣೆ ಕೆಡಲು ಬೇಕಾದ ಊಟ ಅದೇ. ಬಾವಿ ನೀರು ನಮ್ಮಲ್ಲಿ ತಣ್ಣಗೇ ಇರುತ್ತದೆ, ಆದರೂ ಬೇಸಿಗೆಯಲ್ಲಿ ಅದು ಸಾಲದು. ಇನ್ನು ಹಸಿ ಬಾವಿ ನೀರು ಹಾಕಿ ತೊಳೆದರೆ ಅದರಲ್ಲಿರುವುದೆಲ್ಲ ಬೆಣ್ಣೆಗೆ ಸೇರುತ್ತದೆ ಅನ್ನುವುದೂ ನೆನಪಿರಲಿ. ಕಾಯಿಸಿ ತಣಿಸಿದ ನೀರೇ ಒಳ್ಳೆಯದು. ಮೊದಲು ಬಸಿದ ಮಜ್ಜಿಗೆ ತಂಬುಳಿಗೆ ಹೋಯಿತು, ಅದರ ವಿಲೇವಾರಿ ನಮ್ಮ ಮನೆಯಲ್ಲಿ ಎಂದೂ ಸಮಸ್ಯೆ ಆಗಿದ್ದಿಲ್ಲ.

ನಾದೋದು

ಇದೇ ಇಡೀ ಕೆಲಸದ ನಡುಮನೆ. ತೊಳೆದ ಕಾಳನ್ನು ಮರದ ಮರಿಗೆಗೆ ಹಾಕಿ, ಮರದ ಸಟ್ಟುಗದ ಬೆನ್ನಿನಿಂದ ಒತ್ತಿ, ಮಡಚಿ, ಮತ್ತೆ ಒತ್ತಬೇಕು. ಮರಿಗೆಯನ್ನು ಸ್ವಲ್ಪ ಓರೆ ಹಿಡಿದರೆ ನೀರು ಒಂದು ಮೂಲೆಗೆ ಇಳಿಯುತ್ತದೆ. ಮರವನ್ನು ಮೊದಲೇ ತಣ್ಣೀರಲ್ಲಿ ನೆನೆಸಿಟ್ಟಿದ್ದರೆ ಬೆಣ್ಣೆ ಅಂಟಲ್ಲ. ಕೈ ಹಾಕಬೇಡಿ, ಅಂಗೈ ಬಿಸಿಗೆ ಬೆಣ್ಣೆ ಜಾರಲು ಶುರುವಾಗುತ್ತದೆ. ಕೊನೆಗೆ ಒಗೆದು ಒಣಗಿಸಿದ ಪಾಣಿಪಂಚೆಯ ತುಂಡಿನಿಂದ ಮೇಲ್ಮೈ ಒತ್ತಿ ತೆಗೆದೆ.

ಎಷ್ಟು ನಾದಬೇಕು ಅನ್ನುವುದಕ್ಕೆ ಒಂದು ಪರೀಕ್ಷೆ ಇದೆ. ಮುದ್ದೆಯನ್ನು ಚಾಕುವಿನಿಂದ ಎರಡು ಮಾಡಿ, ಕೊಯ್ದ ಮುಖವನ್ನು ಬೆಳಕಿಗೆ ಹಿಡಿಯಿರಿ. ಸಣ್ಣ ಸಣ್ಣ ನೀರಿನ ಹನಿ ಮಿಂಚಿದರೆ, ಚಾಕುವಿನ ಮೇಲೆ ತೇವ ಕಂಡರೆ, ಇನ್ನೂ ನಾದಬೇಕು. ಮುಖ ಒಣಗಿದಂತೆ, ಒಂದೇ ಬಣ್ಣದಲ್ಲಿ, ಮಬ್ಬಾಗಿ ಕಂಡರೆ ಸಾಕು. ಅಂದರೆ ನೀರೇ ಇಲ್ಲ ಅಂತಲ್ಲ. ಅಂಗಡಿಯ ಟೇಬಲ್ ಬೆಣ್ಣೆಗೂ ಆಹಾರ ಸುರಕ್ಷತೆಯ ನಿಯಮದಲ್ಲಿ 16 ಪ್ರತಿಶತದವರೆಗೆ ನೀರಿಗೆ ಅವಕಾಶ ಇದೆ. ನೀರು ಇರಬಹುದು, ಹನಿ ದೊಡ್ಡದಿರಬಾರದು. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಾಗಿ ಕೊಬ್ಬಿನಲ್ಲಿ ಹಂಚಿಹೋದರೆ ಒಳಗಿರುವ ಸೂಕ್ಷ್ಮಜೀವಿಗಳಿಗೆ ಬೆಳೆಯಲು ಜಾಗವೂ ಇಲ್ಲ, ಊಟವೂ ಇಲ್ಲ. ದೊಡ್ಡ ಹನಿಯಾದರೆ ಎರಡೂ ಸಿಕ್ಕ ಹಾಗೆ.

ಉಪ್ಪು

ಉಪ್ಪು ಕೊಬ್ಬಿನಲ್ಲಿ ಕರಗಲ್ಲ. ಬೆಣ್ಣೆಗೆ ಹಾಕಿದ ಉಪ್ಪೆಲ್ಲ ಸೇರುವುದು ಆ ಸಣ್ಣ ನೀರಿನ ಹನಿಗಳಿಗೆ. ಹಾಗಾಗಿ ಒಂದು ಮಜಾ ಲೆಕ್ಕ ಇದೆ: ನೂರು ಗ್ರಾಂ ಬೆಣ್ಣೆಯಲ್ಲಿ 16 ಗ್ರಾಂ ನೀರು, ಅದಕ್ಕೆ 2 ಗ್ರಾಂ ಉಪ್ಪು ಹಾಕಿದರೆ, ಬೆಣ್ಣೆಗೆ ಅದು 2 ಪ್ರತಿಶತ ಅಷ್ಟೆ. ಆದರೆ ನೀರಿನ ಹನಿಯೊಳಗೆ ಅದು 11 ಪ್ರತಿಶತದ ಉಪ್ಪುನೀರು. ಮಾವಿನಮಿಡಿ ಹಾಕುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪು ಹಾಕಿದ ಬೆಣ್ಣೆ ಸಪ್ಪೆ ಬೆಣ್ಣೆಗಿಂತ ಹೆಚ್ಚು ದಿನ ಬಾಳುವುದು ಇದಕ್ಕೇ.

ಸಾಣಿಕಟ್ಟಾ ಉಪ್ಪು ಬಳಸಿದೆ. ಗೋಕರ್ಣದ ಹತ್ತಿರ, ಅಘನಾಶಿನಿಯ ಹಿನ್ನೀರು ಕಟ್ಟಿ ಬಿಸಿಲಿಗೆ ಒಣಗಿಸಿ ಮಾಡುವ ಉಪ್ಪು ಇದು. ರುಚಿ ಒಳ್ಳೆಯದು, ಆದರೆ ಹರಳು ದಪ್ಪ, ಮತ್ತೆ ಗಾಳಿಯ ತೇವ ಎಳೆದುಕೊಂಡು ಯಾವಾಗಲೂ ಒದ್ದೆ. ಸಮುದ್ರದ ಉಪ್ಪಿನಲ್ಲಿ ಸ್ವಲ್ಪ ಮೆಗ್ನೀಸಿಯಂ ಲವಣವೂ ಇರುತ್ತದೆ, ತೇವ ಎಳೆಯುವುದು ಅದು. ಹಾಗೇ ಹಾಕಿದರೆ ಹರಳು ಕರಗದೆ ಕೂತು ಸುತ್ತಲಿನ ನೀರನ್ನೆಲ್ಲ ತನ್ನ ಕಡೆ ಎಳೆದು ದೊಡ್ಡ ಹನಿ ಮಾಡುತ್ತದೆ. ನಾದಿ ಸಣ್ಣ ಮಾಡಿದ ಹನಿ ಮತ್ತೆ ದೊಡ್ಡದು! ಕಷ್ಟಪಟ್ಟದ್ದೆಲ್ಲ ಹೊಳೆಗೆ. ಅದಕ್ಕೆ ಉಪ್ಪನ್ನು ಬಾಣಲೆಯಲ್ಲಿ ಹುರಿದು, ತಣಿಸಿ, ಮಿಕ್ಸಿಯಲ್ಲಿ ಹಿಟ್ಟು ಮಾಡಿ, ಜರಡಿ ಹಿಡಿದು ಹಾಕಬೇಕು. ನೂರು ಗ್ರಾಂ ಬೆಣ್ಣೆಗೆ ಒಂದೂವರೆಯಿಂದ ಎರಡು ಗ್ರಾಂ. ಸಣ್ಣ ಚಮಚದಲ್ಲಿ ಮಟ್ಟಸವಾಗಿ ಮೂರನೇ ಒಂದು ಭಾಗ ಅಂದುಕೊಳ್ಳಿ. ಹಾಕಿ ನಾದಿ, ಅರ್ಧ ತಾಸು ಬಿಟ್ಟು, ಮತ್ತೊಮ್ಮೆ ನಾದಿ. ಆ ಎರಡನೇ ನಾದುವಿಕೆಯಲ್ಲಿ ಇನ್ನಷ್ಟು ನೀರು ಬಿಡುತ್ತದೆ, ಅದನ್ನೂ ಬಸಿಯಿರಿ. ಈ ಬಸಿದ ನೀರಿನ ಜೊತೆ ಸ್ವಲ್ಪ ಉಪ್ಪೂ ಹೋಗುತ್ತದೆ, ರುಚಿ ನೋಡಿ ಚಿಟಿಕೆ ಸೇರಿಸಿಕೊಂಡರಾಯಿತು.

ಅಂಗಡಿಯ ಬೆಣ್ಣೆಯಲ್ಲಿ ಮಾಡುವವರು ಇಲ್ಲಿಯವರೆಗಿನದನ್ನೆಲ್ಲ ಬಿಟ್ಟು ಇಲ್ಲಿಂದ ಶುರು ಮಾಡಬಹುದು. ಟೇಬಲ್ ಬೆಣ್ಣೆಯಾದರೆ ಉಪ್ಪು ಮೊದಲೇ ಇರುತ್ತದೆ, ಮತ್ತೆ ಹಾಕಬೇಡಿ.

ತುಪ್ಪದ ಉಪಾಯ

ಈಗ ರುಚಿಗೆ ಬರೋಣ. ಒಂದು ನಿಯಮ ಇಟ್ಟುಕೊಂಡೆ: ಬೆಣ್ಣೆಯನ್ನು ಯಾವ ಕಾರಣಕ್ಕೂ ಕರಗಿಸುವುದಿಲ್ಲ. ಕರಗಿದ ಬೆಣ್ಣೆ ಮತ್ತೆ ಹೆಪ್ಪುಗಟ್ಟಿದರೆ ಅದು ಬೆಣ್ಣೆ ಅಲ್ಲ. ನೀರು ಕೆಳಗೆ, ಕೊಬ್ಬು ಮೇಲೆ, ನಡುವೆ ಬಿಳಿ ಚರಟ. ನುಣುಪು ಹೋಗಿ ಮರಳು ಮರಳಾಗುತ್ತದೆ.

ಆದರೆ ಬೆಳ್ಳುಳ್ಳಿ, ಮೆಣಸು, ಸೊಪ್ಪು, ಇವು ಬಿಸಿ ಕಾಣದಿದ್ದರೆ ಹಸಿ ವಾಸನೆ ಬಿಡಲ್ಲ, ನೀರೂ ಬಿಡಲ್ಲ. ದಾರಿ ನಮ್ಮ ಅಡುಗೆಯಲ್ಲೇ ಇದೆ. ತುಪ್ಪ! ತುಪ್ಪದಲ್ಲಿ ನೀರಿಲ್ಲ, ಬಿಸಿ ತಡೆಯುತ್ತದೆ, ಬೆಣ್ಣೆಯ ಜೊತೆ ಗುರುತೇ ಸಿಗದ ಹಾಗೆ ಸೇರುತ್ತದೆ. ನೂರು ಗ್ರಾಂ ಬೆಣ್ಣೆಗೆ ಎರಡು ಸಣ್ಣ ಚಮಚ ತುಪ್ಪ, ಅಂದರೆ ಹತ್ತನೇ ಒಂದು ಪಾಲು. ಅದರಲ್ಲಿ ಹಾಕಬೇಕಾದದ್ದನ್ನು ಸಣ್ಣ ಉರಿಯಲ್ಲಿ ಬಾಡಿಸುವುದು, ಪೂರ್ತಿ ತಣಿಸುವುದು, ತುಪ್ಪ ಮತ್ತೆ ಮಬ್ಬಾಗಿ ದಪ್ಪವಾದ ಮೇಲೆ ಬೆಣ್ಣೆಗೆ ಸೇರಿಸುವುದು. ತುಪ್ಪ ಇದಕ್ಕಿಂತ ಜಾಸ್ತಿ ಆದರೆ ಬೆಣ್ಣೆ ಕಾಳುಕಾಳಾಗುತ್ತದೆ.

ಎಷ್ಟು ಹೊತ್ತು ಬಾಡಿಸಬೇಕು? ಗಡಿಯಾರ ನೋಡುವುದು ಬೇಡ, ಕಿವಿ ಕೊಡಿ. ತುಪ್ಪಕ್ಕೆ ಬಿದ್ದ ಸೊಪ್ಪು ಚಟಪಟ ಅನ್ನುತ್ತದಲ್ಲ, ಆ ಸದ್ದು ನೀರು ಆವಿಯಾಗುವ ಸದ್ದು. ಅದು ಕಡಿಮೆಯಾಗುತ್ತಾ ಬಂದು, ಗುಳ್ಳೆ ನಿಂತು, ಬಾಣಲೆ ಸುಮ್ಮನಾಯಿತು ಅಂದರೆ ನೀರು ಮುಗಿಯಿತು. ಒಲೆ ಆರಿಸಿ. ಅದರಾಚೆ ಒಂದು ಕ್ಷಣ ಬಿಟ್ಟರೂ ಸೀಯುತ್ತದೆ, ನೀರಿರುವವರೆಗೆ ಬಿಸಿ ಒಂದು ಮಟ್ಟದಲ್ಲಿ ನಿಂತಿರುತ್ತದೆ, ನೀರು ಮುಗಿದ ಕೂಡಲೇ ಏರುತ್ತದೆ.

ಕಾಳುಮೆಣಸಿನದು

ಮೊದಲು ಮಾಡಿದ್ದು ಇದು, ಈಗಲೂ ನನಗೆ ಇದೇ ಮೇಲು. ಆಯಿ ಮಾತ್ರ, "ಬೆಣ್ಣೆಗೆ ಮೆಣಸಿನಕಾಳು ಹಾಕ್ತ್ಯ? ಕೃಷ್ಣ ಈ ಮನೆ ಬದಿಗೆ ಬತ್ನೇ ಇಲ್ಲೆ" ಅಂದರು. ಆಮೇಲೆ ತೆಳ್ಳೇವಿಗೆ (ತೆಳು ದೋಸೆಗೆ) ಎರಡು ಸಲ ಕೇಳಿ ಹಾಕಿಸಿಕೊಂಡರು, ಅದನ್ನೂ ಬರೆಯಲೇಬೇಕು.

ಒಣಗಿದ ಮೆಣಸಿನಕಾಳನ್ನು ಕುಟ್ಟಾಣಿಯಲ್ಲಿ ಕುಟ್ಟಿ. ಹಿಟ್ಟು ಬೇಡ, ನುಚ್ಚಿನ ಹದ ಸಾಕು. ನೂರು ಗ್ರಾಂಗೆ ಸಣ್ಣ ಚಮಚದಲ್ಲಿ ಒಂದು. ಪೇಟೆಯ ಪುಡಿ ಹಾಕಿದರೆ ಖಾರ ಇರುತ್ತದೆ, ಘಮ ಇರಲ್ಲ, ಯಾಕೆಂದರೆ ಖಾರದ ಪೈಪರಿನ್ ಆರಿ ಹೋಗಲ್ಲ, ಘಮದ ಎಣ್ಣೆ ಆರಿ ಹೋಗುತ್ತದೆ. ಕುಟ್ಟಿದ ಕೂಡಲೇ ತುಪ್ಪಕ್ಕೆ ಹಾಕಿ, ಒಂದೇ ಒಂದು ನಿಮಿಷ ಸಣ್ಣ ಉರಿ. ಒಣ ಮೆಣಸಿನಲ್ಲಿ ತೆಗೆಯಬೇಕಾದ ನೀರಿಲ್ಲ, ಹಾಗಿದ್ದರೂ ಬಿಸಿ ಯಾಕೆ ಅಂದರೆ, ಅಂಗಳದಲ್ಲಿ ಒಣಗುವಾಗ ಅದರ ಮೇಲೆ ಕೋಳಿ, ಬೆಕ್ಕು, ಮೊಮ್ಮಕ್ಕಳು ಎಲ್ಲ ಓಡಾಡಿರುತ್ತಾರೆ. ಬೆಣ್ಣೆಯನ್ನು ಬೇಯಿಸದೆ ತಿನ್ನುತ್ತೇವಲ್ಲ, ಮೆಣಸಾದರೂ ಬಿಸಿ ಕಂಡಿರಲಿ.

ಮಾಡಿದ ದಿನ ತಿಂದರೆ ಮೆಣಸು ಬೇರೆ, ಬೆಣ್ಣೆ ಬೇರೆ. ಒಂದು ರಾತ್ರಿ ಬಿಟ್ಟು ತಿನ್ನಿ. ದೀವಿಹಲಸಿನ ಹೋಳನ್ನು ಕಾವಲಿಯಲ್ಲಿ ಬೇಯಿಸಿ ಇದನ್ನು ಮೇಲೆ ಇಟ್ಟರೆ ಬೇರೆ ಪಲ್ಯ ಬೇಡ.

ಬೆಳ್ಳುಳ್ಳಿ, ಸೂಜಿಮೆಣಸು, ಬ್ಯಾಡಗಿ

ಬ್ಯಾಡಗಿ ಬಣ್ಣಕ್ಕೆ, ಸೂಜಿಮೆಣಸು ಖಾರಕ್ಕೆ. ಬ್ಯಾಡಗಿಯ ಕೆಂಪು ಕೊಬ್ಬಿನಲ್ಲೇ ಕರಗುವಂಥದ್ದು, ತುಪ್ಪಕ್ಕೆ ಪುಡಿ ಬಿದ್ದ ಕೂಡಲೇ ಬಣ್ಣ ಬಿಡುತ್ತದೆ. ಆ ತುಪ್ಪ ನಾದಿದ ಬೆಣ್ಣೆ ಒಳ್ಳೆ ಕೇಸರಿ ಬಣ್ಣಕ್ಕೆ ಬರುತ್ತದೆ. ಸೂಜಿಮೆಣಸು ನಾಲ್ಕು ಸಾಕು. ಖಾರ ಬೆಣ್ಣೆಯಲ್ಲಿ ತಡವಾಗಿ ಏರುತ್ತದೆ, ಕಲಸುವಾಗ ನೆಕ್ಕಿ ನೋಡಿ ಸಾಲದು ಅಂತ ಇನ್ನೂ ಹಾಕಬೇಡಿ.

ಬೆಳ್ಳುಳ್ಳಿ ವಿಷಯ ಸ್ವಲ್ಪ ಗಂಭೀರ. ನೆಲದಲ್ಲಿ ಬೆಳೆಯುವ ಗಡ್ಡೆ ಅದು, ಮಣ್ಣಿನಲ್ಲಿರುವ ಬಾಟ್ಯುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಅದರ ಮೇಲೆ ಇರಬಹುದು. ಗಾಳಿ ಇಲ್ಲದ ಕಡೆ, ಹುಳಿ ಇಲ್ಲದ ಕಡೆ, ಬೆಚ್ಚಗಿದ್ದರೆ ಅದು ಮೊಳೆತು ವಿಷ ಮಾಡುತ್ತದೆ. ಕೊಬ್ಬಿನಲ್ಲಿ ಮುಳುಗಿದ ಬೆಳ್ಳುಳ್ಳಿಗೆ ಈ ಮೂರೂ ಸಿಗುತ್ತದೆ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿ ಹಾಕಿಟ್ಟ ಬೆಳ್ಳುಳ್ಳಿ ತಿಂದು 36 ಮಂದಿ ಹೀಗೆ ಕಾಯಿಲೆ ಬಿದ್ದಿದ್ದರು. ಆ ಬಾಟಲಿಯನ್ನು ಫ್ರಿಜ್‌ನಲ್ಲಿ ಇಟ್ಟಿರಲಿಲ್ಲ. ಈ ವಿಷಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹುರಿದರೆ ಬೀಜಕಣ ಸಾಯುತ್ತದೆ ಅನ್ನುವ ಭರವಸೆಯೂ ಬೇಡ, ನೀರು ಕುದಿಯುವ ಬಿಸಿಯನ್ನು ಅದು ತಡೆದುಕೊಳ್ಳುತ್ತದೆ. ಹಾಗಾಗಿ ಬೆಳ್ಳುಳ್ಳಿ ಬೆಣ್ಣೆಯನ್ನು ಹೊರಗಿಡಲೇಬಾರದು. ಫ್ರಿಜ್‌ನಲ್ಲಿ ನಾಲ್ಕೈದು ದಿನ, ಇಲ್ಲದಿದ್ದರೆ ಮಾಡಿದ ದಿನವೇ ಫ್ರೀಜರಿಗೆ.

ಇದರ ಜೊತೆ ನಮ್ಮ ಊರಿನ ಕರೆಂಟು ನೆನಪಿಟ್ಟುಕೊಳ್ಳಿ. ಆಷಾಢದ ಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಫ್ರಿಜ್ ಬರೀ ಕಪಾಟು. ಆ ತಿಂಗಳುಗಳಲ್ಲಿ ನಾನು ಬೆಳ್ಳುಳ್ಳಿಯದು ಮಾಡುವುದೇ ಇಲ್ಲ. ಇದ್ದದ್ದು ಕರಗಿ ಬೆಚ್ಚಗಾದರೆ ಎಸೆಯುವುದು. ಬೆಣ್ಣೆ ಎಸೆಯಲು ಹೊಟ್ಟೆ ಉರಿಯುತ್ತದೆ, ಆದರೂ.

ಮಾಡುವ ಬಗೆ ಮೇಲೆ ಹೇಳಿದ್ದೇ. ಆರು ಎಸಳು ಸಣ್ಣಗೆ ಹೆಚ್ಚಿ, ತುಪ್ಪದಲ್ಲಿ ಸದ್ದು ನಿಲ್ಲುವವರೆಗೆ, ಹೊಂಬಣ್ಣಕ್ಕೆ. ಕಂದು ಆದರೆ ಕಹಿ. ಒಲೆ ಆರಿಸಿದ ಮೇಲೆ ಬ್ಯಾಡಗಿ ಪುಡಿ, ಇಲ್ಲದಿದ್ದರೆ ಪುಡಿ ಸೀದು ಕಪ್ಪಾಗುತ್ತದೆ.

ದೊಡ್ಡಪತ್ರೆ

ಇದರ ಎಲೆ ಒತ್ತಿದರೆ ನೀರು. ಹಸಿಯಾಗಿ ಹೆಚ್ಚಿ ಹಾಕಿ ಒಂದು ಚಿಕ್ಕ ಡಬ್ಬಿಯಲ್ಲಿ ಬೇಕಂತಲೇ ಇಟ್ಟು ನೋಡಿದೆ, ಪಕ್ಕದಲ್ಲಿ ತುಪ್ಪದಲ್ಲಿ ಬಾಡಿಸಿ ಹಾಕಿದ ಇನ್ನೊಂದು ಡಬ್ಬಿ. ಹಸಿಯದರ ಅಡಿಯಲ್ಲಿ ಮಾರನೇ ದಿನವೇ ಹಸಿರು ನೀರು ನಿಂತಿತ್ತು. ಬಾಡಿಸಿದ್ದು ಹಾಗೇ ಇತ್ತು, ರುಚಿಯಲ್ಲೂ ಅದೇ ಮುಂದೆ. ತಂಬುಳಿಗೆ ಮಾಡುವುದೂ ಇದನ್ನೇ ಅಲ್ವಾ? ಸೊಪ್ಪು, ಜೀರಿಗೆ, ಎರಡು ಮೆಣಸಿನಕಾಳು ತುಪ್ಪದಲ್ಲಿ ಬಾಡಿಸಿ ರುಬ್ಬುತ್ತೇವೆ. ಇಲ್ಲಿ ಮಜ್ಜಿಗೆ ಬದಲು ಬೆಣ್ಣೆ, ಅಷ್ಟೇ. ಎಂಟು ಹತ್ತು ಎಲೆ ಬಾಡಿಸಿದರೆ ಒಂದು ಚಮಚ ಆಗುತ್ತದೆ, ನೂರು ಗ್ರಾಂಗೆ ಅದು ಬೇಕಾದಷ್ಟು. ಅದಕ್ಕಿಂತ ಹೆಚ್ಚು ಹಾಕಿದರೆ ಕೆಮ್ಮಿನ ಕಷಾಯದ ನೆನಪು.

ಹುಳಿ ಬೇಕು ಅನ್ನುವವರು ಲಿಂಬೆರಸ ಹಿಂಡುತ್ತಾರೆ. ಅದು ಮತ್ತೆ ನೀರೇ, ಬೆಣ್ಣೆ ಅದನ್ನು ತೆಗೆದುಕೊಳ್ಳದೆ ಹೊರಗೆ ತಳ್ಳುತ್ತದೆ. ಒಣಗಿದ ವಾಟೆಹುಳಿಯನ್ನು ಪುಡಿ ಮಾಡಿ ಹಾಕಿ. ಒಣ ಹುಳಿ, ನೀರಿನ ರಗಳೆ ಇಲ್ಲ. ದೊಡ್ಡಪತ್ರೆಗೂ ಮೆಣಸಿನಕಾಳಿಗೂ ಇದು ಚೆನ್ನಾಗಿ ಹೊಂದುತ್ತದೆ. ಕಾಲು ಚಮಚ ದಾಟಬೇಡಿ.

ಘಟ್ಟದ ಕೆಳಗೆ

ಜುಮ್ಮನಕಾಯಿ ಬೆಣ್ಣೆ ಮಾಡಿದ್ದು ಕಾರವಾರದ ಗೆಳೆಯನಿಗಾಗಿ. ಅಲ್ಲಿ ಮೀನುಸಾರಿಗೆ ಇದು ಬೇಕೇ ಬೇಕು, ಕೊಂಕಣಿಯವರು ತೆಪ್ಪಲ ಅನ್ನುತ್ತಾರೆ. ಒಣಕಾಯಿ ಬಿಡಿಸಿ ಒಳಗಿನ ಕಪ್ಪು ಬೀಜ ತೆಗೆದು ಹಾಕಿ, ಸಿಪ್ಪೆ ಮಾತ್ರ ಕುಟ್ಟಬೇಕು. ಬೀಜ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ, ರುಚಿಯೂ ಇಲ್ಲ. ಸಿಪ್ಪೆಯಲ್ಲಿ ಕಿತ್ತಳೆ ಸಿಪ್ಪೆಯ ಘಮ, ಆಮೇಲೆ ನಾಲಿಗೆ ತುದಿಗೆ ಜುಂ ಅನ್ನುವುದು. ಅರ್ಧ ಚಮಚ ಸಾಕು.

ನಮ್ಮ ಮನೆಯಲ್ಲಿ ಮೀನಿಲ್ಲ. ಹಾಗಾಗಿ ಪರೀಕ್ಷೆ ಅವನ ಅಡುಗೆಮನೆಯಲ್ಲೇ ನಡೆಯಿತು. ರವೆ ಹಚ್ಚಿ ಎಣ್ಣೆಯಲ್ಲಿ ಹುರಿದ ಇಸ್ವಾಣದ ತುಂಡಿನ ಮೇಲೆ, ಒಲೆಯಿಂದ ಇಳಿಸಿದ ಮೇಲೆ, ಒಂದು ಬಿಲ್ಲೆ ಬೆಣ್ಣೆ. ಅವನ ತೀರ್ಪು: ಬಂಗುಡೆಗೆ ಬೇಡ, ಅದರ ಎಣ್ಣೆಯೇ ಸಾಕು. ಇಸ್ವಾಣಕ್ಕೆ, ಶೆಟ್ಲಿಗೆ (ಸಿಗಡಿಗೆ) ಸರಿ. ಬಾಣಲೆಗೆ ಹಾಕಿ ಹುರಿಯಲು ಹೋಗಬೇಡಿ, ಬೆಣ್ಣೆಯಲ್ಲಿರುವ ಹಾಲಿನ ಅಂಶ ಬೇಗ ಕರಕಲಾಗುತ್ತದೆ. ನಾನು ಪಾವಿಗೆ ಸವರಿ ತಿಂದೆ, ಕಾರವಾರದ ಬೇಕರಿ ಪಾವು ಬಿಸಿ ಇರುವಾಗ ಅದಕ್ಕೆ ಏನು ಸವರಿದರೂ ಚೆನ್ನ, ಹಾಗಾಗಿ ನನ್ನ ಸಾಕ್ಷಿಗೆ ಬೆಲೆ ಕಮ್ಮಿ.

ಅಲ್ಲಿ ತಿಳಿದದ್ದು ಬೇರೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಇಲ್ಲಿ ಬೆಳಗಿನ ಹೊತ್ತು ಬೆಣ್ಣೆ ಮೇಜಿನ ಮೇಲೆ ಆಕಾರ ಹಿಡಿದು ನಿಲ್ಲುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ಅದೇ ಬೆಣ್ಣೆ ಡಬ್ಬಿಯಲ್ಲಿ ಅಲುಗಾಡತೊಡಗುತ್ತದೆ. ಏಪ್ರಿಲ್ ಸೆಕೆಯಲ್ಲಿ ಕಾರವಾರದ ಅಡುಗೆಮನೆ 33 ಡಿಗ್ರಿ, ಹಾಲಿನ ಕೊಬ್ಬು ಪೂರ್ತಿ ಕರಗುವುದಕ್ಕೆ ಅದರಿಂದ ಕೆಲವೇ ಡಿಗ್ರಿ ಬಾಕಿ ಅಷ್ಟೇ. ಕರಾವಳಿಯಲ್ಲಿ ಮಾಡುವವರು ಬೆಳಗಿನ ಜಾವ ಮಾಡಿ. ಮರಿಗೆಯ ಅಡಿಗೆ ಐಸು ತುಂಬಿದ ಅಗಲ ಪಾತ್ರೆ ಇಟ್ಟುಕೊಳ್ಳಿ. ನಾದುವ ನಡುವೆ ಮೆತ್ತಗಾಯಿತು ಅನಿಸಿದರೆ ಒತ್ತಾಯ ಮಾಡದೆ ಫ್ರಿಜ್‌ಗೆ ಹಾಕಿ, ಹತ್ತು ನಿಮಿಷ ಬಿಟ್ಟು ಮುಂದುವರಿಸಿ.

ಬೆಣ್ಣೆ ಮುದ್ದೆಯನ್ನು ಗಡಿಗೆಯ ತಣ್ಣೀರಲ್ಲಿ ತೇಲಿಬಿಡುವ ಹಳೆಯ ಪದ್ಧತಿ ಇದೆಯಲ್ಲ, ಗೆಳೆಯನ ಅತ್ತೆ ಅದನ್ನೇ ಮಾಡಿ ಅಂದರು. ಸಪ್ಪೆ ಬೆಣ್ಣೆಗೆ ಸರಿ. ಉಪ್ಪಿನ ಬೆಣ್ಣೆಯನ್ನು ನೀರಿಗೆ ಬಿಟ್ಟರೆ ಉಪ್ಪು ನೀರಿಗೆ, ನೀರು ಬೆಣ್ಣೆಗೆ.

ಕಟ್ಟಿಡೋದು

ಬಟರ್ ಪೇಪರ್ ಮೇಲೆ ಬೆಣ್ಣೆ ಇಟ್ಟು, ಎರಡು ಬೆರಳು ದಪ್ಪದ ಕೋಲು ಸುತ್ತಿ, ಎರಡೂ ತುದಿ ತಿರುಚಿ, ಫ್ರೀಜರಿಗೆ. ಗಟ್ಟಿಯಾದ ಮೇಲೆ ಚಾಕುವನ್ನು ಬಿಸಿನೀರಲ್ಲಿ ಅದ್ದಿ ಒರೆಸಿ ಬಿಲ್ಲೆ ಕತ್ತರಿಸಿದರೆ ಬೇಕಾದಷ್ಟೇ ತೆಗೆಯಬಹುದು. ಬಾಳೆಎಲೆಯಲ್ಲೂ ಕಟ್ಟಿದೆ. ಬೆಂಕಿಯ ಮೇಲೆ ಬಾಡಿಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಕಟ್ಟಿದರೆ ಘಮ ಇನ್ನೂ ಒಳ್ಳೆಯದು, ಆದರೆ ಒಂದೆರಡು ದಿನದಲ್ಲಿ ಮುಗಿಸುವುದಿದ್ದರೆ ಮಾತ್ರ. ಹಸಿ ಎಲೆಯೂ ಬೆವರುತ್ತದೆ.

ಕಾಳುಮೆಣಸಿನದು ಫ್ರಿಜ್‌ನಲ್ಲಿ ಎರಡು ವಾರ ಆರಾಮ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು. ದೊಡ್ಡಪತ್ರೆಯದು ಒಂದು ವಾರದೊಳಗೆ ಮುಗಿಸಿ. ಎಲ್ಲಕ್ಕೂ ಮುಚ್ಚಳ ಬಿಗಿಯಾಗಿರಲಿ, ಬೆಣ್ಣೆ ಪಕ್ಕದವರ ವಾಸನೆಯನ್ನೆಲ್ಲ ಕುಡಿಯುತ್ತದೆ. ಹಲಸಿನ ಕಾಲದಲ್ಲಿ ಫ್ರಿಜ್‌ನಲ್ಲಿ ತೊಳೆ ಇಟ್ಟಿದ್ದರೆ ನಿಮ್ಮ ಕಾಳುಮೆಣಸಿನ ಬೆಣ್ಣೆ ಹಲಸಿನ ಬೆಣ್ಣೆ ಆಗಿರುತ್ತದೆ.

ಹಸಿ ಕಾಳುಮೆಣಸಿನದು ಇನ್ನೂ ಬಾಕಿ ಇದೆ. ಕೊಯ್ಲಿನ ಹೊತ್ತಿಗೆ ಎಳೆ ಗೊನೆ ತಂದು ಉಪ್ಪುನೀರಲ್ಲಿ ಹಾಕಿಟ್ಟು, ಒರೆಸಿ, ತುಪ್ಪದಲ್ಲಿ ಸದ್ದು ನಿಲ್ಲಿಸಿ ನೋಡಬೇಕು. ಮರಿಗೆ, ಸಟ್ಟುಗ, ಕಡಗೋಲಿಗೆ ಸೋಪು ಹಾಕಬೇಡಿ, ಮರ ಹೀರಿಕೊಂಡು ಮುಂದಿನ ಬೆಣ್ಣೆಗೆ ಬಿಡುತ್ತದೆ. ಕುದಿವ ನೀರು ಹೊಯ್ದು, ಕಡಲೆಹಿಟ್ಟು ಹಾಕಿ ಉಜ್ಜಿ, ಮತ್ತೊಮ್ಮೆ ಕುದಿವ ನೀರು, ಆಮೇಲೆ ಬಿಸಿಲಿಗೆ.